ಹೈವೇ ಹತ್ತಿದ ಕೂಡಲೇ ಕಾರು ನಡುಗುವುದು ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಊರೊಳಗೆ ಕಾರು ಚೆನ್ನಾಗಿಯೇ ಹೋಗುತ್ತದೆ, ಹೈವೇ ಹತ್ತಿ ಸ್ಪೀಡ್ ಏರಿಸಿದರೆ ನಡುಗುತ್ತದೆ. ಪತ್ರ ಬಂದ ಊರುಗಳನ್ನು ನೋಡಿದರೆ ಕಾರಣ ಅರ್ಥವಾಗುತ್ತದೆ: ಬದಿಯಡ್ಕ, ಪೆರ್ಲ, ಮಂಜೇಶ್ವರ, ಉಪ್ಪಳ, ಮುಳ್ಳೇರಿಯ. ನಮ್ಮ ಹಳೇ 17ನೇ ನಂಬ್ರದ ಹೆದ್ದಾರಿ 66 ಆಗಿ, ಈಗ ಆರು ಲೇನ್ ಆಗಿದೆ. ಮೊದಲು ತಲಪಾಡಿಯಿಂದ ಕಾಸರಗೋಡಿಗೆ ಬರುವಾಗ ಹೊಂಡ, ಲಾರಿ, ತಿರುವು ಎಲ್ಲ ದಾಟಿ 60ಕ್ಕೆ ಮುಟ್ಟಿದರೆ ದೊಡ್ಡದು. ಈಗ ಸುಮ್ನೆ ಕಾಲಿಟ್ಟರೂ ಮುಳ್ಳು 90ಕ್ಕೆ ಹೋಗುತ್ತದೆ. ಕಾರಿಗೆ ಹೊಸದಾಗಿ ಕಾಯಿಲೆ ಬಂದದ್ದಲ್ಲ. ಇದ್ದ ಕಾಯಿಲೆಯನ್ನು ಹಳೇ ರಸ್ತೆ ಅಡಗಿಸಿ ಇಟ್ಟಿತ್ತು, ಹೊಸ ರಸ್ತೆ ಅದನ್ನು ಹೊರಗೆ ಹಾಕಿತು. ಇವತ್ತಿನ ಎಲ್ಲ ಉತ್ತರಗಳನ್ನೂ ಈ ಮಾತನ್ನು ನೆನಪಿಟ್ಟುಕೊಂಡೇ ಓದಿ.

ನನ್ನದು 2018ರ ಸ್ವಿಫ್ಟ್, 62,000 ಕಿಲೋಮೀಟರ್ ಓಡಿದೆ. 80 ದಾಟಿದರೆ ಸ್ಟೇರಿಂಗ್ ನಡುಗಲು ಶುರು. 95ರ ಹತ್ತಿರ ಕೈ ಜುಮ್ ಅನ್ನುವಷ್ಟು. ವಿಚಿತ್ರ ಅಂದರೆ 110 ಹತ್ತಿರ ಬಂದರೆ ಕಡಿಮೆಯಾಗುತ್ತದೆ. ಎರಡು ಸಲ ವೀಲ್ ಅಲೈನ್‌ಮೆಂಟ್ ಮಾಡಿಸಿದೆ, ಪ್ರಯೋಜನವಿಲ್ಲ. ಈಗ ಶಾಕ್ ಅಬ್ಸಾರ್ಬರ್ ಬದಲಿಸಲು ಹೇಳುತ್ತಿದ್ದಾರೆ. ಬದಲಿಸಲೇ?
— ಓದುಗರು, ಬದಿಯಡ್ಕ

ಬದಲಿಸಬೇಡಿ. ಈಗ ಬೇಡ.

ಮೊದಲು ಒಂದು ವಿಷಯ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದರಲ್ಲೇ ತುಂಬ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಅಲೈನ್‌ಮೆಂಟ್ ಬೇರೆ, ಬ್ಯಾಲೆನ್ಸಿಂಗ್ ಬೇರೆ. ಚಕ್ರಗಳು ಯಾವ ಕಡೆಗೆ ಮುಖ ಮಾಡಿ ನಿಂತಿವೆ ಎಂದು ನೋಡಿ ಸರಿಪಡಿಸುವುದು ಅಲೈನ್‌ಮೆಂಟ್. ಅದು ತಪ್ಪಿದರೆ ಕಾರು ಒಂದು ಬದಿಗೆ ಎಳೆಯುತ್ತದೆ, ಟಯರಿನ ಒಂದು ಅಂಚು ಬೇಗ ಸವೆಯುತ್ತದೆ. ಬರೀ ಅಲೈನ್‌ಮೆಂಟ್ ತಪ್ಪಿದ್ದಕ್ಕೆ ಸ್ಟೇರಿಂಗ್ ಹೀಗೆ ನಡುಗುವುದಿಲ್ಲ. ಚಕ್ರದ ಸುತ್ತ ತೂಕ ಸಮನಾಗಿ ಇದೆಯೋ ಇಲ್ಲವೋ ಎಂದು ನೋಡಿ, ಕಡಿಮೆ ಇರುವ ಕಡೆ ರಿಮ್ಮಿಗೆ ಸಣ್ಣ ಸೀಸದ ತೂಕ ಹೊಡೆದು ಸರಿಮಾಡುವುದು ಬ್ಯಾಲೆನ್ಸಿಂಗ್. ನಿಮ್ಮ ಪತ್ರದಲ್ಲಿ ಆ ಶಬ್ದವೇ ಇಲ್ಲ!

ನಿಮ್ಮ ಕಾರಿನಲ್ಲಿ 165/80 ಆರ್14 ಅಳತೆಯ ಟಯರು ಇದ್ದರೆ, 100 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನಲ್ಲಿ ಒಂದು ಕಡೆ ಬರೀ 30 ಗ್ರಾಂ ಜಾಸ್ತಿ ಇದೆ ಅಂದುಕೊಳ್ಳಿ. ಆ ವೇಗದಲ್ಲಿ ಅದು ಚಕ್ರವನ್ನು 4 ಕಿಲೋಕ್ಕಿಂತ ಜಾಸ್ತಿ ಬಲದಲ್ಲಿ ಹೊರಕ್ಕೆ ಎಳೆಯುತ್ತದೆ, ಪ್ರತಿ ಸುತ್ತಿನಲ್ಲೂ. 50ರಲ್ಲಿ ಇದೇ 30 ಗ್ರಾಂ ಎಳೆಯುವುದು 1 ಕಿಲೋದಷ್ಟು ಮಾತ್ರ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಹಾಗಾಗಿ ಕುಂಬಳೆ–ಮುಳ್ಳೇರಿಯ ರಸ್ತೆಯಲ್ಲಿ ನಿಮಗೆ ಏನೂ ಗೊತ್ತಾಗುವುದಿಲ್ಲ.

110ರಲ್ಲಿ ಕಡಿಮೆಯಾಗುವುದೂ ವಿಚಿತ್ರ ಅಲ್ಲ. ಚಕ್ರ ಮತ್ತು ಅದನ್ನು ಹಿಡಿದಿರುವ ಸಸ್ಪೆನ್ಶನಿಗೆ ತನ್ನದೇ ಒಂದು ಅಲುಗುವ ಲಯ ಇದೆ, ಸೆಕೆಂಡಿಗೆ ಸುಮಾರು 10ರಿಂದ 15 ಸಲ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ದೂಡಿದರೆ ಎತ್ತರಕ್ಕೆ ಹೋಗುತ್ತದೆ, ಲಯ ತಪ್ಪಿಸಿ ದೂಡಿದರೆ ಹೋಗುವುದಿಲ್ಲ ಅಲ್ವಾ? 85ರಿಂದ 105ರ ಒಳಗೆ ಚಕ್ರದ ಸುತ್ತು ಆ ಲಯಕ್ಕೆ ಕೂಡಿಕೊಳ್ಳುತ್ತದೆ. ದಾಟಿದ ಮೇಲೆ ತಪ್ಪುತ್ತದೆ. ಒಂದು ವೇಗದಲ್ಲಿ ಬಂದು, ಇನ್ನೊಂದು ವೇಗದಲ್ಲಿ ಕಡಿಮೆಯಾಗುವ ನಡುಕ ಅಂದರೆ ನಾನು ಮೊದಲು ಸಂಶಯಪಡುವುದು ಚಕ್ರದ ತೂಕವನ್ನೇ.

ಆದರೆ ಗ್ಯಾರೇಜಿಗೆ ಹೋಗುವ ಮೊದಲು ನೀವೇ ಎರಡು ಪರೀಕ್ಷೆ ಮಾಡಿ. ಬೆಳಿಗ್ಗೆ ಬೇಗ, ವಾಹನ ಕಡಿಮೆ ಇರುವಾಗ, ರಸ್ತೆ ಒಣಗಿರುವಾಗ. ಪಕ್ಕದಲ್ಲಿ ಒಬ್ಬರು ಇರಲಿ. ನಡುಕ ಬರುವ ವೇಗಕ್ಕೆ ಹೋಗಿ, ಆಕ್ಸಿಲರೇಟರ್ ಬಿಟ್ಟು ಕ್ಲಚ್ ಒತ್ತಿ ಹಿಡಿಯಿರಿ. ಇಂಜಿನ್ ಸುತ್ತು ಕೆಳಗಿಳಿಯುತ್ತದೆ, ಕಾರು ಅದೇ ವೇಗದಲ್ಲಿ ಸಾಗುತ್ತದೆ. ನಡುಕ ಹಾಗೇ ಇದ್ದರೆ ದೋಷ ಚಕ್ರದ ಕಡೆ. ನಿಂತುಹೋದರೆ ಇಂಜಿನ್, ಮೌಂಟಿಂಗ್, ಆಕ್ಸಲ್ ಕಡೆ. ಇಂಜಿನ್ ಮಾತ್ರ ಆಫ್ ಮಾಡಬೇಡಿ. ಬ್ರೇಕಿಗೂ ಸ್ಟೇರಿಂಗಿಗೂ ಸಿಗುವ ಸಹಾಯ ಹೋಗಿಬಿಡುತ್ತದೆ, ಗಾಡಿ ಕೈಗೆ ಸಿಗುವುದಿಲ್ಲ.

ಎರಡನೆಯದು ಇನ್ನೂ ಸುಲಭ. ನಡುಕ ಎಲ್ಲಿ ಗೊತ್ತಾಗುತ್ತದೆ? ಸ್ಟೇರಿಂಗಿನಲ್ಲಾದರೆ ಮುಂದಿನ ಚಕ್ರ. ಸೀಟಿನಡಿ, ಕಾಲಿನಡಿ ಆದರೆ ಹೆಚ್ಚಾಗಿ ಹಿಂದಿನದು. ಪಕ್ಕದವರು ಇದನ್ನು ನಿಮಗಿಂತ ಚೆನ್ನಾಗಿ ಹೇಳುತ್ತಾರೆ, ಅವರ ಕೈ ಸ್ಟೇರಿಂಗಿನ ಮೇಲೆ ಇಲ್ಲವಲ್ಲ. ಸಂಶಯ ಇದ್ದರೆ ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿಸಿ. ನಡುಕ ಸ್ಟೇರಿಂಗಿನಿಂದ ಸೀಟಿಗೆ ಬಂದರೆ ಕಳ್ಳ ಸಿಕ್ಕಿದ ಹಾಗೆ. ಒಂದು ರೂಪಾಯಿಯ ಸ್ಪೇರ್ ಬೇಡ.

ನಮ್ಮ ಊರಿನ ಗಾಡಿಗಳ ಒಂದು ವಿಶೇಷ ಹೇಳಲೇಬೇಕು. ಮುರಕಲ್ಲಿನ ಕೆಂಪು ಮಣ್ಣು. ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಕಾರು ಇಳಿಸಿ ಹತ್ತಿಸಿದರೆ ಆ ಮಣ್ಣು ರಿಮ್ಮಿನ ಒಳಬದಿಗೆ ಮೆತ್ತಿಕೊಳ್ಳುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಕಾರು ತೊಳೆಯುವವರೂ ಅಲ್ಲಿಗೆ ನೀರು ಬಿಡುವುದಿಲ್ಲ. ಮಳೆ ಹೋಗಿ ಬಿಸಿಲು ಬಂದಾಗ ಒಣಗಿ ಗಟ್ಟಿಯಾಗುತ್ತದೆ. ಮೊನ್ನೆ ಒಂದು ವ್ಯಾಗನ್‌ಆರ್ ನಮ್ಮ ಶೆಡ್ಡಿಗೆ ಬಂತು. ಎಡ ಮುಂದಿನ ಚಕ್ರ ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕಿದರೆ ಒಳಬದಿಯಲ್ಲಿ 55 ಗ್ರಾಂ ವ್ಯತ್ಯಾಸ ತೋರಿಸಿತು. ಹುಡುಗ ತೂಕದ ಡಬ್ಬಕ್ಕೆ ಕೈ ಹಾಕಿದ್ದ. ನಿಲ್ಲಿಸಿ, ಚಕ್ರ ತಿರುಗಿಸಿ ಟಾರ್ಚ್ ಹಿಡಿದೆವು. ಎರಡು ಬೆರಳಗಲದ ಕೆಂಪು ಪಟ್ಟಿ, ಸಿಮೆಂಟಿನ ಹಾಗೆ ಕೂತಿತ್ತು. ಸ್ಕ್ರೂಡ್ರೈವರಿನಿಂದ ಎಬ್ಬಿಸಿ, ವಯರ್ ಬ್ರಷ್ ಹಾಕಿ ಉಜ್ಜಿ, ತೊಳೆದು ಪುನಃ ತಿರುಗಿಸಿದೆವು. 10 ಗ್ರಾಂ. ಮಣ್ಣಿನ ಮೇಲೆಯೇ 55 ಗ್ರಾಂ ಸೀಸ ಹೊಡೆದು ಕಳಿಸಿದ್ದರೆ ಆ ಮಣ್ಣು ಉದುರಿದ ದಿನ ಕಾರು ಪುನಃ ನಡುಗುತ್ತಿತ್ತು. ನೀವು ಎಲ್ಲಿಗೆ ಹೋದರೂ ಸರಿ, ಚಕ್ರ ಬಿಚ್ಚಿದ ಮೇಲೆ ರಿಮ್ಮಿನ ಒಳಬದಿ ಒರೆಸಿದ ಮೇಲೆಯೇ ಮೆಷಿನ್ನಿಗೆ ಹಾಕಲು ಹೇಳಿ. ಹಳೇ ತೂಕಗಳನ್ನೂ ತೆಗೆಸಿ.

ಮೆಷಿನ್ ಎಲ್ಲವನ್ನೂ ಹೇಳುವುದಿಲ್ಲ. ಅದು ತೂಕ ಅಳೆಯುತ್ತದೆ, ಚಕ್ರ ಉರುಟಾಗಿದೆಯಾ ಎಂದು ಅಳೆಯುವುದಿಲ್ಲ. ಹೊಂಡಕ್ಕೆ ಬಿದ್ದು ರಿಮ್ ಬೆಂಡಾಗಿದ್ದರೆ, ಟಯರಿನ ಒಳಗಿನ ಪದರ ಬಿಟ್ಟಿದ್ದರೆ, ತೂಕ ಹೊಡೆದು ಸೊನ್ನೆ ಮಾಡಬಹುದು, ನಡುಕ ಮಾತ್ರ ಹೋಗುವುದಿಲ್ಲ. ಚಕ್ರ ತಿರುಗುವಾಗ ಪಕ್ಕದಲ್ಲಿ ನಿಂತು ನೋಡಿ. ಒಂದು ಪೆನ್ನನ್ನು ಟಯರಿನ ಮೈಗೆ ತಾಗದ ಹಾಗೆ ಹತ್ತಿರ ಹಿಡಿದರೆ, ಸಂದು ಹಿರಿದು ಕಿರಿದಾಗುವುದು ಕಣ್ಣಿಗೇ ಕಾಣುತ್ತದೆ. ಟಯರು ಕೈಗೆ ಸಿಕ್ಕಾಗ ಅಂಗೈಯನ್ನು ಅದರ ಮೈಮೇಲೆ ಪೂರ್ತಿ ಒಂದು ಸುತ್ತು ಸವರಿ. ಎಲ್ಲಾದರೂ ಉಬ್ಬು ಸಿಕ್ಕಿದರೆ, ಬದಿಯಲ್ಲಿ ಗುಳ್ಳೆ ಕಂಡರೆ, ಆ ಟಯರು ಇನ್ನು ಹೈವೇಗೆ ಬೇಡ. ಮನೆಗೆ ನಿಧಾನ ಹೋಗಿ, ಬದಲಿಸಿ. ಇದರಲ್ಲಿ ಚೌಕಾಸಿ ಮಾಡಬಾರದು.

ಸ್ಟೀಲ್ ರಿಮ್ ಸ್ವಲ್ಪ ಬೆಂಡಾಗಿದ್ದರೆ ನೇರ ಮಾಡಿಸಬಹುದು. ಅಲಾಯ್ ಬಿರುಕು ಬಿಟ್ಟರೆ ವೆಲ್ಡ್ ಮಾಡಿಸಲು ನಾನು ಹೇಳುವುದಿಲ್ಲ.

ಶಾಕ್ ಅಬ್ಸಾರ್ಬರ್, ಟೈರಾಡ್ ಎಂಡ್, ಲೋವರ್ ಆರ್ಮ್ ಬುಷ್, ಚಕ್ರವನ್ನು ಹಿಡಿದಿಡುವ ಈ ಭಾಗಗಳು ಸವೆದಿದ್ದರೆ ಚಕ್ರದ ಸಣ್ಣ ನಡುಕವನ್ನು ದೊಡ್ಡದು ಮಾಡಿ ತೋರಿಸುತ್ತವೆ. 62,000 ಆಗಿದೆ, ಹಾಗಾಗಿ ಜಾಕಿ ಹಾಕಿ ಚಕ್ರವನ್ನು ಎರಡೂ ಬದಿ ಹಿಡಿದು ಅಲ್ಲಾಡಿಸಿ ಪ್ಲೇ, ಅಂದರೆ ಸಡಿಲ, ಇದೆಯಾ ನೋಡಿಸಿ. ಪ್ಲೇ ಇದ್ದರೆ ಬದಲಿಸಿ. ಇಲ್ಲದಿದ್ದರೆ ಬ್ಯಾಲೆನ್ಸಿಂಗ್ ಆದ ಮೇಲೆ ಓಡಿಸಿ ನೋಡಿ, ನಂತರ ಬರೆಯಿರಿ.

ವೇಗದ ಬಗ್ಗೆಯೂ ಒಂದು ಮಾತು. ಕೇರಳದಲ್ಲಿ 2023ರ ಜುಲೈಯಿಂದ ಆರು ಲೇನಿನ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರಿಗೆ 110ರ ಮಿತಿ ಇದೆ. ಆದರೂ ರಸ್ತೆ ಬದಿಯ ಬೋರ್ಡಿನಲ್ಲಿ ಕಡಿಮೆ ಬರೆದಿದ್ದರೆ ಅದೇ ಲೆಕ್ಕ. ಪರೀಕ್ಷೆ ಹೆಸರಿನಲ್ಲಿ ಅದಕ್ಕಿಂತ ಮೇಲೆ ಹೋಗುವ ಅಗತ್ಯವೇ ಇಲ್ಲ, ದೋಷ ಇದ್ದರೆ ಅದಕ್ಕಿಂತ ಮೊದಲೇ ಕಾಣಿಸಿಕೊಳ್ಳುತ್ತದೆ.

ಮಗನ ಒತ್ತಾಯಕ್ಕೆ ನಮ್ಮ ಕಾರಿಗೆ ಹೊರಗಿನಿಂದ ಅಲಾಯ್ ವೀಲ್ ಹಾಕಿಸಿದೆ. ಟಯರೂ ಹೊಸದು, ಬ್ಯಾಲೆನ್ಸಿಂಗೂ ಆಗಿದೆ. ಆದರೂ 90ರಲ್ಲಿ ನಡುಕ. ಹಳೇ ಸ್ಟೀಲ್ ರಿಮ್ಮಿನಲ್ಲಿ ಏನೂ ಇರಲಿಲ್ಲ.
— ನಿವೃತ್ತ ಅಧ್ಯಾಪಕರು, ಪೆರ್ಲ

ಮಾಷ್ಟ್ರೇ, ಕೊನೆಯ ವಾಕ್ಯದಲ್ಲಿ ನೀವೇ ಉತ್ತರ ಕೊಟ್ಟಿದ್ದೀರಿ. ರಿಮ್ಮಿನ ನಡುವಿನ ತೂತನ್ನು ನೋಡಬೇಕು. ಕಂಪೆನಿಯ ರಿಮ್ಮಿನಲ್ಲಿ ಆ ತೂತು ಹಬ್ಬಿನ (ಕಾರಿನಲ್ಲಿ ಚಕ್ರ ಕೂರುವ ನಡುಭಾಗ) ಅಳತೆಗೆ ಸರಿಯಾಗಿ ಕೂರುತ್ತದೆ. ಮಾರುತಿಯ ಹಲವು ಕಾರುಗಳಲ್ಲಿ ಅದು 54.1 ಮಿಲ್ಲಿಮೀಟರ್. ಹೊರಗೆ ಮಾರುವ ಅಲಾಯ್ ಎಷ್ಟೋ ಕಾರುಗಳಿಗೆ ಆಗಬೇಕೆಂದು ತೂತನ್ನು ದೊಡ್ಡದು ಇಟ್ಟಿರುತ್ತಾರೆ. ಆಗ ಚಕ್ರ ನಟ್ಟಿನ ಆಧಾರದಲ್ಲಿ ಮಾತ್ರ ನಿಲ್ಲುತ್ತದೆ. ಒಂದು ಕೂದಲೆಳೆಯಷ್ಟು ಪಕ್ಕಕ್ಕೆ ಕೂತರೂ ಹೈವೇಯಲ್ಲಿ ಗೊತ್ತಾಗುತ್ತದೆ. ಬ್ಯಾಲೆನ್ಸಿಂಗ್ ಮೆಷಿನ್ನಿನಲ್ಲಿ ಕೋನ್ ಹಾಕಿ ಸರಿ ನಡುವಿಗೆ ಹಿಡಿಯುವುದರಿಂದ ಅಲ್ಲಿ ಎಲ್ಲ ಸೊನ್ನೆಯೇ ಕಾಣುತ್ತದೆ.

ಹಬ್ ರಿಂಗ್ ಅಂತ ಸಿಗುತ್ತದೆ, ಹಬ್ಬಿಗೂ ರಿಮ್ಮಿಗೂ ನಡುವೆ ಕೂರುವ ಬಳೆ. ಒಳ ಅಳತೆ ನಿಮ್ಮ ಹಬ್ಬಿನದ್ದು, ಹೊರ ಅಳತೆ ರಿಮ್ಮಿನದ್ದು. ಅಂಗಡಿಯವರ ಹತ್ತಿರ ವರ್ನಿಯರ್ ಹಿಡಿದು ಎರಡನ್ನೂ ಅಳೆಸಿಯೇ ತೆಗೆದುಕೊಳ್ಳಿ. ನಟ್ಟೂ ಅಲಾಯ್‌ಗೆ ತಕ್ಕದ್ದೇ ಇರಬೇಕು. ಜಾಕಿಯಲ್ಲಿ ಚಕ್ರ ಎತ್ತಿಟ್ಟಿರುವಾಗಲೇ ಎದುರು ಬದುರು ನಟ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು, ಕೊನೆಯ ಬಿಗಿ ಕಾರು ನೆಲಕ್ಕಿಳಿಸಿದ ಮೇಲೆ. 100 ಕಿಲೋಮೀಟರ್ ಓಡಿಸಿ ಪುನಃ ಒಮ್ಮೆ ಬಿಗಿ ನೋಡಿಸಿ. ಮಗನಿಗೆ ಬೈಯಬೇಡಿ, ರಿಮ್ ಒಳ್ಳೆಯದೇ ಇರಬಹುದು.

ತಲಪಾಡಿ ಟೋಲ್ ಹತ್ತಿರ ಬರುವಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ಗಡಗಡ ಅಲ್ಲಾಡುತ್ತದೆ. ಬ್ರೇಕ್ ಬಿಟ್ಟರೆ ಏನೂ ಇಲ್ಲ. ನಾನು ದಿನಾ ಮಂಗಳೂರಿಗೆ ಕೆಲಸಕ್ಕೆ ಹೋಗುವವಳು. ಅಪಾಯ ಇದೆಯೇ?
— ಓದುಗರು, ಮಂಜೇಶ್ವರ

ಅಕ್ಕ, ಬ್ರೇಕ್ ಒತ್ತಿದಾಗ ಮಾತ್ರ ಬರುವ ನಡುಕ ಅಂದರೆ ಮುಂದಿನ ಡಿಸ್ಕ್, ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆ. ಎಲ್ಲರೂ ‘ಡಿಸ್ಕ್ ಬೆಂಡ್’ ಅನ್ನುತ್ತಾರೆ. ಹೆಚ್ಚಾಗಿ ಅದು ಬೆಂಡಾಗಿರುವುದಿಲ್ಲ, ಸುತ್ತಲೂ ಒಂದೇ ದಪ್ಪ ಇರುವುದಿಲ್ಲ. ಮಿಲ್ಲಿಮೀಟರಿನ ನೂರರಲ್ಲಿ ಎರಡು ಮೂರು ಪಾಲು ವ್ಯತ್ಯಾಸ ಇದ್ದರೂ ಕೈಗೆ ಗೊತ್ತಾಗುತ್ತದೆ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡು ದಪ್ಪ ಭಾಗಕ್ಕೆ ಬಂದಾಗ ಹಿಡಿಯುತ್ತದೆ, ತೆಳು ಭಾಗಕ್ಕೆ ಬಂದಾಗ ಬಿಡುತ್ತದೆ. ಏರ್ ಗನ್ನಿನಲ್ಲಿ ನಟ್ಟುಗಳನ್ನು ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಬಿಗಿದರೂ ಡಿಸ್ಕ್ ಓರೆಯಾಗಿ ಕೂತು, ಓಡಿದಂತೆ ಈ ದೋಷ ಬೆಳೆಯುತ್ತದೆ.

ನಾಳೆಯೇ ಬ್ರೇಕ್ ಹೋಗುವುದಿಲ್ಲ. ಆದರೆ ದಿನಾ ಹೋಗುವವರು, ಬೇಗ ತೋರಿಸಿ. ಡಿಸ್ಕಿನ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆಯಬೇಕು. ಎಷ್ಟಕ್ಕಿಂತ ತೆಳುವಾಗಬಾರದು ಎಂದು ಹೆಚ್ಚಿನ ಡಿಸ್ಕಿನಲ್ಲೇ ಕೊರೆದಿರುತ್ತಾರೆ. ದಪ್ಪ ಸಾಕಷ್ಟಿದ್ದರೆ ಲೇತಿನಲ್ಲಿ ಮೈ ತೆಗೆಸಬಹುದು. ಇಲ್ಲದಿದ್ದರೆ ಹೊಸದು, ಎಡ ಬಲ ಎರಡೂ ಒಟ್ಟಿಗೆ, ಪ್ಯಾಡ್ ಸಹಿತ. ಒಂದೇ ಬದಿ ಹಾಕಿಸಿದರೆ ಬ್ರೇಕ್ ಹಿಡಿದಾಗ ಕಾರು ಎಳೆಯುತ್ತದೆ. ಜೋರಾಗಿ ಒತ್ತಿದಾಗ ಕಾಲಿನಡಿ ‘ಟರ್ರ್’ ಎಂದು ಪೆಡಲ್ ಕುಟ್ಟಿದರೆ ಅದು ಚಕ್ರ ಲಾಕ್ ಆಗದ ಹಾಗೆ ತಡೆಯುವ ಎಬಿಎಸ್ ಕೆಲಸ ಮಾಡುವ ರೀತಿ, ಅದಕ್ಕೆ ಹೆದರಿ ಕಾಲು ಎತ್ತಬೇಡಿ.

ಹಳೇ ಬೊಲೆರೊ. 65ರಿಂದ 75ರಲ್ಲಿ ಬಾಡಿ ಪೂರ್ತಿ ಝುಂ ಅನ್ನುತ್ತದೆ. ಚಕ್ರ ಬ್ಯಾಲೆನ್ಸ್ ಮಾಡಿ ಆಯಿತು. ರಿವರ್ಸಿನಿಂದ ಫಸ್ಟಿಗೆ ಹಾಕಿದಾಗ ಅಡಿಯಲ್ಲಿ ‘ಟಕ್’ ಎಂದು ಶಬ್ದ.
— ಕೃಷಿಕರು, ಮುಳ್ಳೇರಿಯ

ಆ ‘ಟಕ್’ ಇಲ್ಲದಿದ್ದರೆ ನಾನು ಯೋಚಿಸಬೇಕಿತ್ತು. ಗಿಯರ್ ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದರೆ ತುದಿಯ ಕೀಲು, ಸವೆದಿದೆ. ಹಿಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಈ ಶಾಫ್ಟ್ ಚಕ್ರಕ್ಕಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ತಿರುಗುತ್ತದೆ. ಆದ್ದರಿಂದ ನಡುಕ ಸ್ಟೇರಿಂಗಿಗೆ ಬಾರದೆ ನೆಲದಲ್ಲಿ, ಸೀಟಿನಲ್ಲಿ ಝುಂ ಎಂದು ಬರುತ್ತದೆ. ಗಾಡಿಯನ್ನು ಮಟ್ಟದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಟ್ಟು, ಇಂಜಿನ್ ಆಫ್ ಮಾಡಿ, ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿ ನೋಡಿಸಿ. ಕ್ರಾಸಿನ ಹತ್ತಿರ ಲೊಡಲೊಡ ಅಂದರೆ ಸಂಶಯ ಬೇಡ. ತಿರುಚುವಾಗ ಪೂರ್ತಿ ಶಾಫ್ಟೇ ಸ್ವಲ್ಪ ತಿರುಗಿದರೆ ಅದು ಹಿಂದಿನ ಆಕ್ಸಲಿನ ನಡುವೆ ಇರುವ ಡಿಫರೆನ್ಶಿಯಲಿನ ಗಿಯರಿನ ಸಂದು, ಅಷ್ಟು ಇರುವುದೇ.

ಕ್ರಾಸ್ ಬದಲಿಸುವಾಗ ಒಂದನ್ನು ನೀವು ಎದುರಿಗೆ ನಿಂತು ನೋಡಬೇಕು. ಬಿಚ್ಚುವ ಮೊದಲು ಶಾಫ್ಟಿಗೂ ಅದನ್ನು ಬೋಲ್ಟ್ ಹಾಕಿ ಕೂಡಿಸುವ ಫ್ಲೇಂಜಿಗೂ ಸೇರಿಸಿ ಬಣ್ಣದ ಗುರುತು ಹಾಕಬೇಕು. ಕೂಡಿಸುವಾಗ ಅದೇ ಗುರುತಿಗೆ ಬರಬೇಕು. ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ನೇರಕ್ಕೆ ಇರಬೇಕು. ಇದು ತಪ್ಪಿದರೆ ಹೊಸ ಕ್ರಾಸ್ ಹಾಕಿಯೂ ಮೊದಲಿಗಿಂತ ಜಾಸ್ತಿ ನಡುಗುತ್ತದೆ. ಶಾಫ್ಟಿನ ಮೈಗೆ ಸಣ್ಣ ಸಣ್ಣ ತಗಡಿನ ತುಂಡು ವೆಲ್ಡ್ ಮಾಡಿರುತ್ತಾರೆ, ಅದು ಬ್ಯಾಲೆನ್ಸ್ ತೂಕ. ಪೈಂಟ್ ಕೆರೆಯುವ ಉತ್ಸಾಹದಲ್ಲಿ ಯಾರೂ ಅದನ್ನು ಎಬ್ಬಿಸಬಾರದು. ನೀವು ಅಡಿಕೆ ಹೇರಿಕೊಂಡು ತೋಟದ ದಾರಿಯಲ್ಲಿ ಹೋಗುವವರು, ಶಾಫ್ಟಿಗೆ ಮುರಕಲ್ಲು ತಾಗಿ ತಗ್ಗಾಗಿದೆಯಾ ಎಂದೂ ನೋಡಿಸಿ. ಗ್ರೀಸ್ ನಿಪ್ಪಲ್ ಇರುವ ಕ್ರಾಸಾದರೆ ಮಳೆಗಾಲ ಮುಗಿದ ಕೂಡಲೇ ಗ್ರೀಸ್ ಹೊಡೆಸಿ. ನೀರು ಹೋದ ಬೇರಿಂಗ್ ತಾಳುವುದಿಲ್ಲ.

ಪಂಕ್ಚರ್ ಹಾಕಿಸಿ ಬರುವಾಗ 40ರಲ್ಲೇ ಚಕ್ರ ಕುಣಿಯುತ್ತಿದೆ.
— ಓದುಗರು, ನೀರ್ಚಾಲು

ಓಡಿಸಬೇಡಿ. ಈ ಪತ್ರಿಕೆ ಕೈಗೆ ಬರುವ ಹೊತ್ತಿಗೆ ನೀವು ಸರಿ ಮಾಡಿಸಿರಬೇಕು ಎಂದು ಆಶಿಸುತ್ತೇನೆ. ಚಕ್ರ ಬಿಚ್ಚಿದ ಮೇಲೆ ತಟ್ಟನೆ ಬಂದ ನಡುಕ ಅಂದರೆ ನಟ್ ಸಡಿಲ, ಅಥವಾ ರಿಮ್ ಮತ್ತು ಹಬ್ಬಿನ ನಡುವೆ ಕಲ್ಲು, ಮಣ್ಣು ಸಿಕ್ಕಿದೆ. ಅಲ್ಲೇ ಬದಿಗೆ ನಿಲ್ಲಿಸಿ, ನಿಮ್ಮ ಪಾನೆಯಲ್ಲೇ ನಟ್ ನೋಡಿ. ಸಡಿಲ ನಟ್ಟಿನಲ್ಲಿ ತುಂಬ ದೂರ ಓಡಿದ್ದರೆ ರಿಮ್ಮಿನ ತೂತು ಅಗಲ ಆಗಿರಬಹುದು, ನಟ್ ಹತ್ತುವ ಸ್ಟಡ್ ಸವೆದಿರಬಹುದು. ಬರೀ ಬಿಗಿದು ಬಿಡಬೇಡಿ, ಚಕ್ರ ತೆಗೆದು ನೋಡಿಸಿ.

ನಾನು ದುಬೈಯಲ್ಲಿ ಕೆಲಸದಲ್ಲಿದ್ದೇನೆ. ವರ್ಷಕ್ಕೊಮ್ಮೆ ಊರಿಗೆ ಬಂದಾಗ ಮಾತ್ರ ಕಾರು ಓಡುತ್ತದೆ. ಒಟ್ಟು ಓಡಿದ್ದು ಕಡಿಮೆ, ಟಯರಿನ ಹಲ್ಲು ಹೊಸದರ ಹಾಗೇ ಇದೆ. ಆದರೂ ಬಂದಾಗಲೆಲ್ಲ ಹೈವೇಯಲ್ಲಿ ದಡದಡ. ಟಯರು ಬದಲಿಸಬೇಕೆಂದರೆ ಮನಸ್ಸಾಗುತ್ತಿಲ್ಲ.
— ಓದುಗರು, ಉಪ್ಪಳ

ನಿಮ್ಮ ಸಂಕಟ ಅರ್ಥವಾಗುತ್ತದೆ, ಅಣ್ಣ. ನಮ್ಮ ಕಡೆ ಎಷ್ಟೋ ಮನೆಯ ಶೆಡ್ಡಿನಲ್ಲಿ ಇಂಥ ಕಾರು ಇದೆ. ಟಯರು ಓಡಿದರೆ ಮಾತ್ರ ಹಾಳಾಗುವುದಲ್ಲ, ನಿಂತೂ ಹಾಳಾಗುತ್ತದೆ. ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಭಾರ ಹೊತ್ತು ನಿಂತರೆ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ. ಗಾಳಿ ಇಳಿದಿದ್ದರೆ ಇನ್ನೂ ಬೇಗ. ಸ್ವಲ್ಪ ಚಪ್ಪಟೆಯಾಗಿದ್ದರೆ 20, 30 ಕಿಲೋಮೀಟರ್ ಓಡಿ ಟಯರು ಬಿಸಿಯಾದಾಗ ಉರುಟಿಗೆ ಬರುತ್ತದೆ. ನಡುಕ ಓಡಿದ ಹಾಗೆ ಕಡಿಮೆಯಾಗುತ್ತದಾ ಗಮನಿಸಿ. ಕಾಸರಗೋಡಿಗೆ ಹೋಗಿ ಬಂದ ಮೇಲೂ ಹಾಗೇ ಇದ್ದರೆ ಆ ಚಪ್ಪಟೆ ಇನ್ನು ಹೋಗುವುದಿಲ್ಲ.

ಡಿಸ್ಕನ್ನೂ ನೋಡಿಸಿ. ನಮ್ಮ ಮಳೆಗಾಲದ ತೇವಕ್ಕೆ ನಿಂತ ಕಾರಿನ ಡಿಸ್ಕ್ ತುಕ್ಕು ಹಿಡಿಯುತ್ತದೆ, ಪ್ಯಾಡ್ ಅಂಟಿಕೊಂಡ ಜಾಗದಲ್ಲಿ ಅದರ ಅಚ್ಚೇ ಬೀಳುತ್ತದೆ.

ಟಯರಿನ ಬದಿಯಲ್ಲಿ ‘ಡಾಟ್’ ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕೆ ಇರುತ್ತದೆ. 2317 ಎಂದಿದ್ದರೆ 2017ರ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಿಳಿದವರ ಕೈಯಲ್ಲಿ ಪರೀಕ್ಷೆ ಮಾಡಿಸಿ. ಬದಿಯಲ್ಲಿ ಸಣ್ಣ ಸಣ್ಣ ಬಿರುಕು ಕಂಡರೆ ಹಲ್ಲು ಎಷ್ಟಿದ್ದರೂ ಬಿಟ್ಟುಬಿಡಿ. ಹತ್ತು ವರ್ಷ ಆದದ್ದನ್ನು ನೋಡುವುದೇ ಬೇಡ, ತೆಗೆಸಿ. ಸ್ಟೆಪ್ನಿಗೂ ಇದೇ ಲೆಕ್ಕ, ಅದನ್ನು ಎಲ್ಲರೂ ಮರೆಯುತ್ತಾರೆ.

ಈ ಸಲ ಹೋಗುವಾಗ ಟಯರಿಗೆ ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಗಾಳಿ ಹಾಕಿಸಿ, ಹ್ಯಾಂಡ್ ಬ್ರೇಕ್ ಎಳೆಯದೆ ಗಿಯರಿನಲ್ಲಿಟ್ಟು ಚಕ್ರಕ್ಕೆ ಕಟ್ಟೆ ಕೊಡಿ. ಮನೆಯಲ್ಲಿ ಕಾರು ಬಿಡಲು ಗೊತ್ತಿರುವವರಿದ್ದರೆ ಎರಡು ವಾರಕ್ಕೊಮ್ಮೆ ಬಂದ್ಯೋಡಿನವರೆಗಾದರೂ ಹೋಗಿ ಬರಲಿ. ಅಂಗಳದಲ್ಲಿ ಇಂಜಿನ್ ಸ್ಟಾರ್ಟ್ ಮಾಡಿ ಇಟ್ಟರೆ ಟಯರಿಗೇನೂ ಲಾಭ ಇಲ್ಲ. ಬಂದ ದಿನ ಗಾಳಿಯನ್ನು ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿ ಇರುವಷ್ಟಕ್ಕೆ ತನ್ನಿ. ಖರ್ಚು ನೋಡಿ ಈಗ ಎರಡೇ ಟಯರು ಹಾಕಿಸುವುದಾದರೆ ಹೊಸದನ್ನು ಹಿಂದಕ್ಕೆ ಹಾಕಿಸಿ. ಮುಂದಿನ ಟಯರು ಜಾರಿದರೆ ಸ್ಟೇರಿಂಗಿನಲ್ಲಿ ಗೊತ್ತಾಗುತ್ತದೆ, ಕಾಲು ತೆಗೆದು ಸುಧಾರಿಸಬಹುದು. ಮಳೆ ನೀರಿನಲ್ಲಿ ಹಿಂದಿನದು ಜಾರಿದರೆ ಕಾರು ತಿರುಗಿಯೇ ನಿಲ್ಲುತ್ತದೆ.